ಟ್ರಾನ್ಸ್‌ಫಾರ್ಮರ್ ಎಣ್ಣೆಯ ಬಿಡಿವಿ ಚೆನ್ನಾಗಿದ್ದರೂ ಪ್ರೆಸ್‌ಬೋರ್ಡ್ ಮೇಲೆ ಕಪ್ಪು ಗೆರೆ ಹೇಗೆ ಬಂತು?

ಸಬ್‌ಸ್ಟೇಷನ್_ಹುಡುಗ:
ರಿಪೇರಿಗೆ ಬಂದ ಹಳೇ ಪವರ್ ಟ್ರಾನ್ಸ್‌ಫಾರ್ಮರ್ ಒಂದನ್ನು ಬಿಚ್ಚಿದೆವು. ಎರಡು ಫೇಸ್ ನಡುವಿನ ಪ್ರೆಸ್‌ಬೋರ್ಡ್ (ಕರೆಂಟ್ ದಾಟದಂತೆ ತಡೆಯುವ, ನಾರಿನಿಂದ ಮಾಡಿದ ದಪ್ಪ ರಟ್ಟು) ಮೇಲೆ ಬೇರು ಹರಡಿದ ಹಾಗೆ ಕಪ್ಪು ಗೆರೆಗಳಿವೆ, ಪಕ್ಕದಲ್ಲಿ ಬಿಳಿ ಕಲೆಗಳೂ ಇವೆ. ಬೋರ್ಡ್ ಎಲ್ಲೂ ತೂತಾಗಿಲ್ಲ. ಎಣ್ಣೆಯ ಬಿಡಿವಿ (ಎಷ್ಟು ವೋಲ್ಟೇಜಿಗೆ ಎಣ್ಣೆ ಸೀಳಿ ಕಿಡಿ ಹಾರುತ್ತದೆ ಅನ್ನೋ ಅಳತೆ) 60 ಕೆವಿ ದಾಟಿತ್ತು, ಅಂದ್ರೆ ಎಣ್ಣೆ ಚೆನ್ನಾಗಿಯೇ ಇತ್ತು. ಮತ್ತೆ ಇದು ಹೇಗೆ ಸಾಧ್ಯ?

ಎಚ್‌ವಿ_ಲ್ಯಾಬ್:
ಬಿಡಿವಿ ಟೆಸ್ಟ್ ನೋಡುವುದು 2.5 ಮಿಮೀ ಗ್ಯಾಪಿನಲ್ಲಿರುವ ಎಣ್ಣೆಯನ್ನು ಮಾತ್ರ. ಬೋರ್ಡಿನ ಸ್ಥಿತಿ ಅದಕ್ಕೆ ಗೊತ್ತಾಗುವುದಿಲ್ಲ. ಎಣ್ಣೆಯ ಪರ್ಮಿಟಿವಿಟಿ ಸುಮಾರು 2.2, ಎಣ್ಣೆ ಕುಡಿದ ಪ್ರೆಸ್‌ಬೋರ್ಡಿನದು 4ರ ಮೇಲೆ. ಇದು ಕಡಿಮೆ ಇರುವ ವಸ್ತುವಿನ ಮೇಲೆ ವಿದ್ಯುತ್ ಫೀಲ್ಡ್ ಜಾಸ್ತಿ ಬೀಳುತ್ತದೆ. ಹಾಗಾಗಿ ಲೋಹ, ಎಣ್ಣೆ, ಬೋರ್ಡ್ ಮೂರೂ ಸೇರುವ ಸಂದಿಯಲ್ಲಿ ವಿದ್ಯುತ್ ಒತ್ತಡ ಹೆಚ್ಚಾಗಿ ಎಣ್ಣೆಯ ಮೇಲೆ ಬೀಳುತ್ತದೆ, ಮೊದಲು ಸೀಳುವುದೂ ಅಲ್ಲೇ. ಅಲ್ಲಿಂದ ಹೊರಟ ಸ್ಟ್ರೀಮರ್ (ಎಣ್ಣೆಯನ್ನು ಸೀಳಿಕೊಂಡು ಮುಂದೆ ಹೋಗುವ ತೆಳುವಾದ ಕಿಡಿಯ ಎಳೆ) ದಾರಿಯುದ್ದಕ್ಕೂ ಬೋರ್ಡಿನ ಮೇಲೆ ಚಾರ್ಜ್ ಬಿಟ್ಟುಕೊಂಡು ಹೋಗುತ್ತದೆ, ಅದರ ತುದಿಯಲ್ಲಿ ಫೀಲ್ಡ್ ಜಾಸ್ತಿ ಇರುವುದರಿಂದ ಮುಂದಿನ ಎಣ್ಣೆಯೂ ಸೀಳುತ್ತದೆ. ಬೋರ್ಡಿನ ಹಿಂದೆಯೇ ಅರ್ಥ್ ಆದ ಲೋಹ ಇದ್ದರೆ ಇನ್ನೂ ದೂರ ಓಡುತ್ತದೆ, ಯಾಕಂದ್ರೆ ಬೋರ್ಡ್ ಕೆಪಾಸಿಟರ್ ಆಗಿ ತುದಿಗೆ ಕರೆಂಟ್ ಒದಗಿಸುತ್ತದೆ.

ಆಯಿಲ್_ಟೆಸ್ಟಿಂಗ್:
ಬಿಳಿ ಕಲೆ ಬಗ್ಗೆ ನಾನು ಹೇಳ್ತೀನಿ, ಅದೇ ಇಲ್ಲಿ ಮುಖ್ಯ. ಡಿಸ್ಚಾರ್ಜ್ (ಈ ಕಿಡಿ) ಬಿಸಿಗೆ ಬೋರ್ಡಿನ ಸಣ್ಣ ರಂಧ್ರಗಳಲ್ಲಿದ್ದ ತೇವ, ಎಣ್ಣೆ ಆವಿಯಾಗಿ ಅಲ್ಲಿ ಗ್ಯಾಸ್ ತುಂಬಿಕೊಳ್ಳುತ್ತದೆ. ಬಿಳಿಯಾಗಿ ಕಾಣುವುದು ಅದು. ಗ್ಯಾಸ್ ಎಣ್ಣೆಗಿಂತ ಬೇಗ ಸೀಳುವುದರಿಂದ ಅದೇ ಜಾಗದಲ್ಲಿ ಮತ್ತೆ ಮತ್ತೆ ಕಿಡಿ ಹತ್ತಿ ನಾರು ಸುಟ್ಟು ಕಾರ್ಬನ್ ಆಗುತ್ತದೆ. ಕಾರ್ಬನ್ ಕರೆಂಟ್ ಹರಿಸುತ್ತದೆ ಅಲ್ವಾ, ಹಾಗಾಗಿ ವೋಲ್ಟೇಜ್ ಗೆರೆಯ ತುದಿಗೇ ಬಂದು ನಿಲ್ಲುತ್ತದೆ. ದಿನನಿತ್ಯದ ವೋಲ್ಟೇಜಿನಲ್ಲೇ ಇದು ನಿಧಾನವಾಗಿ ಬೆಳೆಯಬಹುದು. ತೇವ ಇದ್ದರಂತೂ ಕೇಳಲೇಬೇಡಿ. ಟ್ರಾನ್ಸ್‌ಫಾರ್ಮರಿನ ನೀರಿನಲ್ಲಿ ಬಹುಪಾಲು ಇರುವುದು ಪೇಪರ್ ಮತ್ತು ಬೋರ್ಡಿನೊಳಗೆ. ತಣ್ಣಗಿರುವಾಗ ತೆಗೆದ ಎಣ್ಣೆ ಸ್ಯಾಂಪಲ್ ಒಣಗಿದ ಹಾಗೇ ಕಾಣುತ್ತದೆ!

ಸಬ್‌ಸ್ಟೇಷನ್_ಹುಡುಗ:
ಈಗ ಅರ್ಥ ಆಯ್ತು. ಗೆರೆ ಕೆರೆದು ಅದೇ ಬೋರ್ಡ್ ಹಾಕಬಹುದಾ? ಮುಂಚೆಯೇ ಪತ್ತೆ ಮಾಡೋದು ಹೇಗೆ?

ಎಚ್‌ವಿ_ಲ್ಯಾಬ್:
ಕೆರೆಯಬೇಡಿ, ಬೋರ್ಡ್ ಬದಲಾಯಿಸಿ. ಕಾರ್ಬನ್ ಮೇಲಿನ ಪದರದಲ್ಲಷ್ಟೇ ಇರುತ್ತದೆ ಅನ್ನೋ ಹಾಗಿಲ್ಲ. ಜೋಡಿಸಿದ ಮೇಲೆ ವ್ಯಾಕ್ಯೂಮ್‌ನಲ್ಲಿ ಸರಿಯಾಗಿ ಒಣಗಿಸಿಯೇ ಎಣ್ಣೆ ತುಂಬಿಸಿ, ಅವಸರ ಮಾಡಬೇಡಿ.

ಆಯಿಲ್_ಟೆಸ್ಟಿಂಗ್:
ಪತ್ತೆಗೆ ಡಿಜಿಎ (ಎಣ್ಣೆಯಲ್ಲಿ ಕರಗಿರುವ ಗ್ಯಾಸ್‌ಗಳ ಪರೀಕ್ಷೆ) ಮಾಡಿಸಿ, ಹಳೇ ರಿಪೋರ್ಟುಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಸಣ್ಣ ಡಿಸ್ಚಾರ್ಜ್ ಇದ್ದಾಗ ಹೈಡ್ರೋಜನ್ ಏರುತ್ತದೆ. ಅಸಿಟಿಲೀನ್ ಕಾಣಿಸಿಕೊಂಡು ಏರತೊಡಗಿದರೆ ಕಿಡಿ ಜೋರಾಗಿದೆ ಅಂತಲೇ ಲೆಕ್ಕ. ಆಗ ಯುಎಚ್‌ಎಫ್ (ಕಿಡಿಯಿಂದ ಹೊರಡುವ ರೇಡಿಯೋ ಅಲೆ ಹಿಡಿಯುವ) ಅಥವಾ ಶಬ್ದ ಹಿಡಿಯುವ ಸೆನ್ಸರ್ ಟ್ಯಾಂಕಿಗೆ ಹಾಕಿ ಜಾಗ ಹುಡುಕಬಹುದು.