ಟಾಗಲ್ ಬಟನ್: ಬಳಕೆದಾರರು ಒತ್ತದಿದ್ದರೂ ಈವೆಂಟ್ ಬರುತ್ತಿದೆ

ಪ್ರಶ್ನೆ:
ಜಾವಾ ಸ್ವಿಂಗ್‌ನಲ್ಲಿ (ಕಿಟಕಿ, ಬಟನ್ ಮುಂತಾದವನ್ನು ಕಟ್ಟಲು ಬಳಸುವ ಜಾವಾ ಲೈಬ್ರರಿ) ಚಿಕ್ಕದೊಂದು ಟೆಕ್ಸ್ಟ್ ಎಡಿಟರ್ ಬರೆಯುತ್ತಿದ್ದೇನೆ. ಅಕ್ಷರಗಳನ್ನು ಬೋಲ್ಡ್ ಮಾಡಲು ಟೂಲ್‌ಬಾರಿನಲ್ಲಿ ಜೆಟಾಗಲ್‌ಬಟನ್ (ಒಮ್ಮೆ ಒತ್ತಿದರೆ ಒತ್ತಿದಂತೆಯೇ ಉಳಿದು, ಮತ್ತೆ ಒತ್ತಿದರೆ ಬಿಡುವ ಬಟನ್) ಇಟ್ಟು, ಅದಕ್ಕೆ ಐಟಂಲಿಸನರ್ (ಬಟನ್ನಿನ ಸ್ಥಿತಿ ಬದಲಾದಾಗ ಓಡುವ ಕೋಡ್) ಜೋಡಿಸಿದ್ದೇನೆ. ಕರ್ಸರ್ ಬೋಲ್ಡ್ ಅಕ್ಷರಗಳ ಮೇಲಿದ್ದಾಗ ಬಟನ್ ಒತ್ತಿದಂತೆ ಕಾಣಲೆಂದು ಕ್ಯಾರೆಟ್‌ಲಿಸನರ್‌ನಿಂದ (ಕರ್ಸರ್ ಸರಿದಾಗ ಓಡುವ ಕೋಡ್) ಸೆಟ್‌ಸೆಲೆಕ್ಟೆಡ್ (ಬಟನ್ನಿನ ಸ್ಥಿತಿಯನ್ನು ಕೋಡಿನಿಂದಲೇ ಬದಲಿಸುವ ಮೆಥಡ್) ಕರೆಯುತ್ತೇನೆ. ಆದರೆ ಮೊದಲ ಪದ ಮಾತ್ರ ಬೋಲ್ಡ್ ಆಗಿರುವ ಸಾಲನ್ನು ಆಯ್ಕೆ ಮಾಡಿದರೆ, ಬಟನ್ ಮುಟ್ಟದಿದ್ದರೂ ಇಡೀ ಸಾಲು ಬೋಲ್ಡ್ ಆಗಿಬಿಡುತ್ತದೆ. ಇದನ್ನು ತಡೆಯಲು ಒಂದು ಫ್ಲ್ಯಾಗ್ (ಸ್ಥಿತಿಯನ್ನು ಬದಲಿಸುತ್ತಿರುವುದು ಕೋಡೇ ಎಂದು ಗುರುತಿಡುವ ಹೌದು/ಅಲ್ಲ ವೇರಿಯಬಲ್) ಇಟ್ಟುಕೊಳ್ಳಬೇಕೇ?

ಉತ್ತರ 1:
ಫ್ಲ್ಯಾಗ್ ಬೇಡ, ನಡುವೆ ಎಕ್ಸೆಪ್ಷನ್ (ಕೋಡನ್ನು ಅರ್ಧಕ್ಕೆ ನಿಲ್ಲಿಸುವ ದೋಷ) ಬಂದರೆ ಅದು ಹಾಗೆಯೇ ಉಳಿದು, ಆಮೇಲೆ ಬಟನ್ ಕೆಲಸವನ್ನೇ ಮಾಡದಂತಾಗುತ್ತದೆ. ಬಟನ್ನಿನ ಸ್ಥಿತಿ ಯಾರಿಂದ ಬದಲಾದರೂ ಐಟಂಲಿಸನರ್‌ಗೆ ಸುದ್ದಿ ಮುಟ್ಟುತ್ತದೆ. ನೀವು ಸೆಟ್‌ಸೆಲೆಕ್ಟೆಡ್ ಕರೆದಾಗ ಸ್ಥಿತಿ ಬದಲಾಗಿ, ಲಿಸನರ್ ಓಡಿ, ಆಯ್ಕೆಯಾಗಿದ್ದ ಪಠ್ಯಕ್ಕೆಲ್ಲ ಬೋಲ್ಡ್ ಹಚ್ಚುತ್ತಿದೆ. ಆಕ್ಷನ್‌ಲಿಸನರ್ ಹಾಗಲ್ಲ: ಮೌಸ್, ಕೀಬೋರ್ಡ್ ಅಥವಾ ಡೂಕ್ಲಿಕ್ (ಕೋಡಿನಿಂದಲೇ ಬಟನ್ ಒತ್ತಿಸುವ ಮೆಥಡ್) ಮೂಲಕ ಬಟನ್ ಒತ್ತಿದಾಗ ಮಾತ್ರ ಅದು ಓಡುತ್ತದೆ, ಸೆಟ್‌ಸೆಲೆಕ್ಟೆಡ್‌ಗೆ ಓಡುವುದಿಲ್ಲ. ಪಠ್ಯ ಬದಲಿಸುವ ಕೋಡನ್ನು ಅಲ್ಲಿಗೆ ಸಾಗಿಸಿ. ಕ್ಯೂಟಿ ಎಂಬ ಇನ್ನೊಂದು ಲೈಬ್ರರಿಯಲ್ಲಿಯೂ ಟಾಗಲ್ಡ್ ಮತ್ತು ಕ್ಲಿಕ್ಡ್ ಸಿಗ್ನಲ್‌ಗಳ ನಡುವೆ ಇದೇ ವ್ಯತ್ಯಾಸವಿದೆ.

ಉತ್ತರ 2:
ಮೇಲಿನ ಉತ್ತರ ಸರಿ. ಮೆನುವಿನಲ್ಲಿಯೂ ಬೋಲ್ಡ್ ಆಯ್ಕೆ ಇಡುವುದಾದರೆ, ಬಟನ್ನಿಗೂ ಜೆಚೆಕ್‌ಬಾಕ್ಸ್‌ಮೆನುಐಟಂಗೂ (ಗುರುತು ಹಾಕಬಹುದಾದ ಮೆನು ಸಾಲು) ಒಂದೇ ಆಕ್ಷನ್ (ಹಲವು ಬಟನ್, ಮೆನುಗಳು ಹಂಚಿಕೊಳ್ಳಬಹುದಾದ ಆಬ್ಜೆಕ್ಟ್) ಕೊಟ್ಟು, ಸ್ಥಿತಿಯನ್ನು ಅದರ ಸೆಲೆಕ್ಟೆಡ್_ಕೀ ಎಂಬ ಗುಣದಲ್ಲಿ ಇಡಿ. ಆಗ ಒಂದನ್ನು ಒತ್ತಿದರೆ ಇನ್ನೊಂದು ತಾನಾಗಿಯೇ ಬದಲಾಗುತ್ತದೆ. ಒಂದು ಎಚ್ಚರಿಕೆ: ಆ ಕೀಗೆ ಮೊದಲೇ ಫಾಲ್ಸ್ ಎಂಬ ಬೆಲೆ ಕೊಟ್ಟಿರಬೇಕು. ಅದು ನಲ್ (ಯಾವ ಬೆಲೆಯೂ ಇಲ್ಲದ್ದು) ಆಗಿದ್ದರೆ ಎರಡೂ ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು:
ಆಕ್ಷನ್‌ಲಿಸನರ್‌ಗೆ ಬದಲಿಸಿದೆ, ತೊಂದರೆ ಹೋಯಿತು, ಇಬ್ಬರಿಗೂ ಧನ್ಯವಾದಗಳು. ಎಡ, ಮಧ್ಯ, ಬಲ ಎಂಬ ಮೂರು ಜೋಡಣೆ ಬಟನ್‌ಗಳಲ್ಲಿ ಒಂದು ಮಾತ್ರ ಒತ್ತಿರಬೇಕಾದರೆ ಬಟನ್‌ಗಳನ್ನು ಗುಂಪಾಗಿಸುವ ಬಟನ್‌ಗ್ರೂಪ್ ಸಾಕೇ? ಬೋಲ್ಡ್ ಆದಾಗ ಬಟನ್ನಿನ ಹೆಸರನ್ನು ‘ಸಾಮಾನ್ಯ’ ಎಂದು ಬದಲಿಸುವ ಯೋಚನೆಯೂ ಇದೆ.

ಉತ್ತರ 3:
ಬಟನ್‌ಗ್ರೂಪ್ ಸಾಕು. ಅದರಲ್ಲಿ ಒತ್ತಿರುವ ಬಟನ್ನನ್ನು ಮತ್ತೆ ಒತ್ತಿದರೂ ಅದು ಬಿಡುವುದಿಲ್ಲ, ಜೋಡಣೆಗೆ ಬೇಕಾದದ್ದೂ ಅದೇ. ಜಾವಾಎಫ್‌ಎಕ್ಸ್ ಎಂಬ ಇನ್ನೊಂದು ಜಾವಾ ಲೈಬ್ರರಿಯ ಟಾಗಲ್‌ಗ್ರೂಪ್‌ನಲ್ಲಾದರೆ ಮತ್ತೆ ಒತ್ತಿದಾಗ ಟಾಗಲ್ ಬಟನ್ ಬಿಟ್ಟುಕೊಳ್ಳುತ್ತದೆ.

ಹೆಸರನ್ನು ಮಾತ್ರ ದಯವಿಟ್ಟು ಬದಲಿಸಬೇಡಿ. ಒತ್ತಿದಂತೆ ಕಾಣುವ ಬಟನ್ ಮೇಲೆ ‘ಸಾಮಾನ್ಯ’ ಎಂದಿದ್ದರೆ, ಪಠ್ಯ ಈಗ ಸಾಮಾನ್ಯವಾಗಿದೆಯೋ ಒತ್ತಿದ ಮೇಲೆ ಸಾಮಾನ್ಯವಾಗುತ್ತದೆಯೋ ತಿಳಿಯದು. ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಹೆಸರು ಮತ್ತು ಸ್ಥಿತಿ ಎರಡನ್ನೂ ಅದು ಓದಿ ಹೇಳುತ್ತದೆ. ವೆಬ್ ಪುಟಗಳಲ್ಲಿ ಏರಿಯಾ-ಪ್ರೆಸ್ಡ್ (ಬಟನ್ ಒತ್ತಿದೆಯೇ ಎಂದು ಸ್ಕ್ರೀನ್ ರೀಡರ್‌ಗೆ ತಿಳಿಸುವ ಗುರುತು) ಬಳಸುವಾಗಲೂ ಹೆಸರು ಬದಲಾಗಬಾರದೆಂಬ ಸೂಚನೆಯಿದೆ.