ಮಕ್ಕಳ ಸೋಂಕು ರೋಗ, ಲಸಿಕೆ ಸಂಶೋಧನೆ: ಈ ದಾರಿ ಹೇಗಿರುತ್ತದೆ?

ಪ್ರಶ್ನೆ: ಮಕ್ಕಳ ವೈದ್ಯಕೀಯದಲ್ಲಿ ಪಿಜಿ ಮುಗಿಯುತ್ತಾ ಬಂತು. ಲಸಿಕೆ ಸಂಶೋಧನೆಗೆ ಹೋಗಬೇಕು ಅಂತ ತುಂಬಾ ಆಸೆ. ಆದರೆ ಮಕ್ಕಳನ್ನು ನೋಡುವುದು ಬಿಟ್ಟು ಲ್ಯಾಬ್‌ನಲ್ಲೇ ಕೂರಬೇಕಾಗುತ್ತದಾ? ಒಂದು ಲಸಿಕೆಗೆ ಎಷ್ಟು ವರ್ಷ ಹಿಡಿಯುತ್ತದೆ?

ಉತ್ತರ 1: ಬಿಡಬೇಕಾಗಿಲ್ಲ, ಎರಡನ್ನೂ ಮಾಡುವವರು ಇದ್ದಾರೆ. ಪಾಲ್ ಆಫಿಟ್ ಅವರನ್ನೇ ನೋಡಿ, ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಸೋಂಕು ರೋಗ ತಜ್ಞರು. ಫ್ರೆಡ್ ಕ್ಲಾರ್ಕ್, ಸ್ಟಾನ್ಲಿ ಪ್ಲಾಟ್‌ಕಿನ್ ಜೊತೆ ಸೇರಿ, ಕರುವಿನಲ್ಲಿ ಸಿಕ್ಕ ರೋಟಾವೈರಸ್‌ಗೆ (ಚಿಕ್ಕ ಮಕ್ಕಳಿಗೆ ಜೋರು ಭೇದಿ ತರುವ ವೈರಸ್ ಇದು) ಮನುಷ್ಯರ ರೋಟಾವೈರಸ್‌ನ ಜೀನ್ ಸೇರಿಸಿ ಬಾಯಿಗೆ ಹಾಕುವ ಲಸಿಕೆ ಮಾಡಿದರು. ಕೆಲಸ ಶುರುವಾಗಿದ್ದು 1980ರ ಸುಮಾರಿಗೆ. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2006ರಲ್ಲಿ! ಅಷ್ಟು ತಾಳ್ಮೆ ಬೇಕು.

ಉತ್ತರ 2: ಅಷ್ಟು ವರ್ಷ ಸುಮ್ನೆ ಹಿಡಿಯಲಿಲ್ಲ. ಅದಕ್ಕೂ ಮುಂಚೆ ಬಂದಿದ್ದ ಇನ್ನೊಂದು ರೋಟಾವೈರಸ್ ಲಸಿಕೆಯಿಂದ ಕೆಲವು ಶಿಶುಗಳಿಗೆ ಕರುಳಿನೊಳಗೆ ಕರುಳು ಸಿಕ್ಕಿಕೊಳ್ಳುವ ತೊಂದರೆ ಆಗಿ, 1999ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಇಂಥ ಅಪರೂಪದ ತೊಂದರೆ ಸಾವಿರ ಮಕ್ಕಳಲ್ಲಿ ಹುಡುಕಿದರೆ ಕಾಣುವುದೇ ಇಲ್ಲ. ಅದಕ್ಕೇ ಹೊಸದನ್ನು ಸುಮಾರು 70,000 ಶಿಶುಗಳಲ್ಲಿ ಪರೀಕ್ಷಿಸಿದರು. ಹಾಗಾಗಿ ಸಂಖ್ಯಾಶಾಸ್ತ್ರ ಈಗಲೇ ಚೆನ್ನಾಗಿ ಕಲಿಯಿರಿ, ಇದನ್ನು ಒತ್ತಿ ಹೇಳುತ್ತೇನೆ.

ಉತ್ತರ 3: ವಾರ್ಡ್ ಬಿಡಲೇಬೇಡಿ. ಭೇದಿಯಿಂದ ಬಳಲಿದ ಮಗುವಿನ ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಅದು ಮಡಿಕೆ ಹಾಗೇ ನಿಂತು ನಿಧಾನವಾಗಿ ಇಳಿಯುತ್ತದೆ, ಕಣ್ಣು ಒಳಗೆ ಹೋಗಿರುತ್ತದೆ, ಅತ್ತರೂ ನೀರು ಬರುವುದಿಲ್ಲ. ಲ್ಯಾಬ್‌ನಲ್ಲಿ ತಿಂಗಳುಗಟ್ಟಲೆ ಏನೂ ಕೈಹತ್ತದಿದ್ದಾಗ ನನ್ನನ್ನು ಮತ್ತೆ ಅಲ್ಲಿನ ಕೆಲಸದ ಮೇಜಿಗೆ ಕರೆದುಕೊಂಡು ಹೋಗಿದ್ದು ಆ ಮುಖಗಳೇ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಫೆಲೋಶಿಪ್‌ಗೆ ಅರ್ಜಿ ಹಾಕುತ್ತಿದ್ದೇನೆ.