ಜೇನುತುಪ್ಪ ಹರಳುಗಟ್ಟಿದೆ ಅಂತ ಗ್ರಾಹಕರು ಬೇಸರ ಮಾಡಿಕೊಂಡರೆ ಏನು ಹೇಳುತ್ತೀರಿ?

ನಮ್ಮದು ಶಿರಸಿ ಹತ್ತಿರದ ಊರು. ಹನ್ನೆರಡು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಪೆಟ್ಟಿಗೆ ಇಟ್ಟಿದ್ದೇವೆ. ಎರಡು ವರ್ಷದಿಂದ ಬೆಂಗಳೂರು, ಮೈಸೂರಿಗೆ ತುಪ್ಪ ಕೊರಿಯರ್ ಮಾಡುತ್ತಿದ್ದೇವೆ. ಈ ಚಳಿಗಾಲದಲ್ಲಿ ನಾಲ್ಕು ಜನ ಬಾಟಲಿಯ ಫೋಟೋ ಕಳಿಸಿದರು. ತಳದಲ್ಲಿ ಹರಳು ಕೂತಿದೆ. "ಸಕ್ಕರೆ ಪಾಕ ಕಳಿಸಿದ್ದೀರಿ" ಅಂತ ಒಬ್ಬರು ಬರೆದೇಬಿಟ್ಟರು. ರಾತ್ರಿ ನಿದ್ದೆ ಬರಲಿಲ್ಲ. ದುಡ್ಡು ವಾಪಸ್ ಕೊಡಬೇಕಾ? ಹೇಗೆ ಹೇಳಿದರೆ ನಂಬುತ್ತಾರೆ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಸಾಗರದ ಜೇನು ಕೃಷಿಕ:

ಆ ಗ್ರಾಹಕರ ಮೇಲೆ ಸಿಟ್ಟಾಗಬೇಡಿ. ಅಂಗಡಿಯ ಬಾಟಲಿ ವರ್ಷವಿಡೀ ತೆಳ್ಳಗೆ, ತಿಳಿಯಾಗಿ ಇರುವುದನ್ನೇ ಅವರು ನೋಡಿದ್ದಾರೆ. ಕಾಯಿಸಿ ನುಣ್ಣಗೆ ಸೋಸಿದ ತುಪ್ಪ ಬೇಗ ಹರಳುಗಟ್ಟುವುದಿಲ್ಲ. ನಮ್ಮದು ಕಾಯಿಸದ್ದು. ಸುಮಾರು 14 ಡಿಗ್ರಿ ಹತ್ತಿರ ಅದು ಬೇಗ ಗಟ್ಟಿಯಾಗುತ್ತದೆ. ಡಿಸೆಂಬರ್, ಜನವರಿಯ ಬೆಂಗಳೂರು ರಾತ್ರಿ ಅದರ ಆಸುಪಾಸಿಗೇ ಬರುತ್ತದಲ್ವಾ?

ಮೊದಮೊದಲು ನಾನು ಗ್ಲೂಕೋಸ್, ಫ್ರಕ್ಟೋಸ್ ಅಂತ ಉದ್ದಕ್ಕೆ ಬರೆದು ಕಳಿಸುತ್ತಿದ್ದೆ. ಯಾರೂ ಪೂರ್ತಿ ಓದುತ್ತಿರಲಿಲ್ಲ. ಈಗ ನೇರ ಫೋನ್ ಮಾಡುತ್ತೇನೆ. ಹೋದ ವರ್ಷ ಮೈಸೂರಿನ ಒಬ್ಬರು ತುಂಬಾ ನೊಂದುಕೊಂಡಿದ್ದರು. "ಅಕ್ಕ, ಒಂದು ಪಾತ್ರೆಯಲ್ಲಿ ನೀರು ಬಿಸಿ ಮಾಡಿ. ಬೆರಳು ಅದ್ದಿದರೆ ತಡೆಯುವಷ್ಟೇ ಬಿಸಿ ಇರಲಿ, ಕುದಿಸಬೇಡಿ. ಒಲೆ ಆರಿಸಿ ಬಾಟಲಿ ಇಡಿ" ಅಂದೆ. ಅರ್ಧ ಗಂಟೆ ಬಿಟ್ಟು ಅವರೇ ವಿಡಿಯೋ ಕಾಲ್ ಮಾಡಿದರು. ತಳದಲ್ಲಿ ರವೆಯ ಹಾಗೆ ಕೂತಿದ್ದು ಅಂಚಿನಿಂದ ಬಿಟ್ಟುಕೊಂಡು, ನಡುವೆ ಒಂದು ಬಿಳಿ ಗಡ್ಡೆ ಮಾತ್ರ ಉಳಿದಿತ್ತು. ಇನ್ನೊಮ್ಮೆ ನೀರು ಬದಲಿಸಿದ ಮೇಲೆ ಅದೂ ಕರಗಿತು. "ಮತ್ತೆ ಹೀಗಾಗಲ್ಲ ತಾನೇ?" ಅಂತ ಕೇಳಿದರು. ಇಲ್ಲ ಅಂದುಬಿಟ್ಟಿದ್ದರೆ ಆ ಹೊತ್ತಿಗೆ ಇಬ್ಬರಿಗೂ ಸಮಾಧಾನ ಆಗುತ್ತಿತ್ತು. "ಆಗಬಹುದು ಅಕ್ಕ, ಚಳಿ ಮುಗಿಯುವವರೆಗೂ ಆಗಬಹುದು. ಹಾಗೇ ಚಮಚದಲ್ಲಿ ತೆಗೆದು ತಿಂದರೂ ಏನೂ ತೊಂದರೆಯಿಲ್ಲ" ಅಂದೆ. ಈ ವರ್ಷವೂ ತರಿಸಿಕೊಂಡಿದ್ದಾರೆ.

ಒಂದು ಮಾತ್ರ ಮಾಡಬೇಡಿ. "ಹರಳುಗಟ್ಟಿದೆ ಅಂದ್ರೆ ಅಪ್ಪಟ ಅಂತ ಅರ್ಥ" ಅನ್ನಬೇಡಿ. ಕಲಬೆರಕೆ ತುಪ್ಪವೂ ಹರಳುಗಟ್ಟಬಹುದು. ನೀರಿಗೆ ಹಾಕಿ ನೋಡುವುದು, ಬತ್ತಿ ಅದ್ದಿ ಹಚ್ಚುವುದು, ಇವುಗಳಿಂದಲೂ ಏನೂ ಗೊತ್ತಾಗುವುದಿಲ್ಲ. ಸಂಶಯ ಇದ್ದವರಿಗೆ ಲ್ಯಾಬ್ ಪರೀಕ್ಷೆಯೇ ದಾರಿ ಅಂತ ಹೇಳಿ.

ದುಡ್ಡಿನ ವಿಷಯ. ಆ ನಾಲ್ಕು ಜನರಿಗೆ ಹುಳಿ ವಾಸನೆ, ನೊರೆ ಇದೆಯಾ ಅಂತ ಕೇಳಿ. ಒಂದು ವರ್ಷ ಮಳೆ ಬೇಗ ಶುರುವಾಯಿತು ಅಂತ ನಾನು ಜೇನುಹುಳಗಳು ಮೇಣದ ಮುಚ್ಚಳ ಪೂರ್ತಿ ಹಾಕದ ಎರಿಯಿಂದಲೇ (ತುಪ್ಪ ತುಂಬಿದ ಮೇಣದ ಹಲ್ಲೆ) ತುಪ್ಪ ತೆಗೆದೆ. ನೀರಿನಂಶ ಜಾಸ್ತಿ ಇತ್ತು. ತಿಂಗಳೊಳಗೆ ನೊರೆ ಬಂದು ಬಾಟಲಿಗಳಿಂದ ಸೋರತೊಡಗಿತು. ಅದು ತುಪ್ಪದ ಗುಣ ಅಲ್ಲ, ನನ್ನ ಅವಸರ. ದೂರು ಹೇಳದವರಿಗೂ ಫೋನ್ ಮಾಡಿ ದುಡ್ಡು ಕಳಿಸಿದೆ. ಆ ವರ್ಷದ ಲಾಭವೆಲ್ಲ ಹೋಯಿತು. ಆದರೂ ಹಾಗೆ ಮಾಡಿದ್ದೇ ಸರಿ ಅಂತ ಇವತ್ತಿಗೂ ಅನ್ನಿಸುತ್ತದೆ.

ಧಾರವಾಡದಿಂದ, ಆಪೂಸು ಮಾವು ಮಾರುವವರು:

ನಮ್ಮ ಕಥೆಯೂ ಇದೇ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಕಾನೂನೇ ನಿಷೇಧಿಸಿದೆ. ನಾವು ಹುಲ್ಲಿನಲ್ಲಿಟ್ಟು ಕಳಿಸುತ್ತೇವೆ. ಡಬ್ಬಿ ತೆರೆದರೆ ಕಾಯಿ ಹಸಿರು. "ಕಾಯಿ ಕಳಿಸಿದ್ದೀರಿ" ಅಂತ ಫೋನ್. ಈಗ ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳುತ್ತೇವೆ: ಹಸಿರಾಗಿಯೇ ಬರುತ್ತದೆ, ಫ್ರಿಜ್ಜಿನಲ್ಲಿ ಇಡಬೇಡಿ, ಹಣ್ಣಾಗಲು ಕೆಲವು ದಿನ ಬೇಕು. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಆಪೂಸಿನಲ್ಲಿ ಒಳಗೆ ತಿರುಳು ಬೆಳ್ಳಗೆ ಸ್ಪಂಜಿನ ಹಾಗಾಗುವುದುಂಟು. ಹೊರಗಿನಿಂದ ನೋಡಿದರೆ ನಮಗೂ ಗೊತ್ತಾಗಲ್ಲ. ಕೊಯ್ದ ಹಣ್ಣಿನ ಫೋಟೋ ಕಳಿಸಿ, ಅಷ್ಟು ಹಣ್ಣಿನ ದುಡ್ಡು ಕೊಡುತ್ತೇವೆ ಅಂತ ಮೊದಲೇ ಹೇಳಿಬಿಡುತ್ತೇವೆ. ಇದನ್ನು ಕೇಳಿ ಕೆಲವರು ಆರ್ಡರ್ ಬಿಡುತ್ತಾರೆ, ಬಿಡಲಿ. ತರಿಸಿಕೊಂಡವರ ಜೊತೆ ಜಗಳ ನಿಂತಿದೆ.

ಇಳಕಲ್ ಸೀರೆ ಮಾರುವವರು:

ನಮ್ಮ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಅದನ್ನು ಹರಿದು ಹೊಲಿದಿದ್ದಾರೆ ಅಂತ ತಿಳಿದು ಒಬ್ಬರು ವಾಪಸ್ ಕಳಿಸಿದ್ದರು. ಅವರಿಗೇನು ಗೊತ್ತು ಪಾಪ, ನಾವು ಹೇಳಿರಲೇ ಇಲ್ಲ. ಈಗ ಆ ಜಾಗದ ಫೋಟೋವನ್ನೇ ಮೊದಲು ಹಾಕುತ್ತೇವೆ.

ಸುಳ್ಯದ ಹಿರಿಯರೊಬ್ಬರು:

ಮುಂಗಡ ಹಣ ಹಿಡಿಯುವಾಗ ಜೋಪಾನ. 1991-92ರಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮಲ್ಲಿ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾಗಿದ್ದವು. "ಇಷ್ಟು ಕೆಜಿ ಖಂಡಿತ" ಅಂತ ಮಾತು ಕೊಡಬೇಡಿ. ತುಪ್ಪ ತೆಗೆದ ಮೇಲೆ, ಇದ್ದಷ್ಟು ಮಾರಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ನಾಲ್ವರಿಗೂ ಫೋನ್ ಮಾಡಿದೆ. ಮೂವರದ್ದು ಬರೀ ಹರಳು. ಒಬ್ಬರದ್ದರಲ್ಲಿ ನೊರೆ ಇದೆಯಂತೆ, ಅವರ ದುಡ್ಡು ಇವತ್ತೇ ಕಳಿಸಿದೆ. ಇನ್ನು ಬಾಟಲಿ ಜೊತೆ ಈ ಚೀಟಿ ಇಡುತ್ತೇನೆ: "ಚಳಿಯಲ್ಲಿ ಇದು ಹರಳುಗಟ್ಟಬಹುದು. ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಕರಗುತ್ತದೆ. ನೊರೆ ಅಥವಾ ಹುಳಿ ವಾಸನೆ ಬಂದರೆ ನಮಗೆ ತಿಳಿಸಿ, ದುಡ್ಡು ವಾಪಸ್ ಕೊಡುತ್ತೇವೆ." ಸರಿಯಿದೆಯಾ?

ಸಾಗರದ ಜೇನು ಕೃಷಿಕ:

ಚೆನ್ನಾಗಿದೆ. ಇನ್ನೊಂದು ಸಾಲು ಸೇರಿಸಿ, ಸ್ವಲ್ಪ ದಪ್ಪ ಅಕ್ಷರದಲ್ಲಿ: ಒಂದು ವರ್ಷ ತುಂಬದ ಮಕ್ಕಳಿಗೆ ಕೊಡಬೇಡಿ.